ಪ್ರಾಗ್‌ಗೆ ಸ್ವಂತವಾಗಿ ಹೋಗುವುದಾದರೆ: ಯಾವ ದಡ, ಯಾವ ಹೊತ್ತು

ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ಗೆ ನಾನು ಎರಡು ಸಲ ಹೋಗಿದ್ದೇನೆ. 2018ರ ಜುಲೈನಲ್ಲಿ ಗೆಳೆಯನ ಜೊತೆ, 2024ರ ಅಕ್ಟೋಬರ್‌ನಲ್ಲಿ ಅಮ್ಮನ ಜೊತೆ. ಎರಡು ಸಲವೂ ನೋಡಿದ್ದು ಹೆಚ್ಚುಕಡಿಮೆ ಅವೇ ಜಾಗಗಳನ್ನು: ಸೇತುವೆ, ಕೋಟೆ, ಗಡಿಯಾರ, ಹಳೆಯ ಚೌಕ. ಆದರೆ ಮೊದಲ ಪ್ರವಾಸವೆಂದರೆ ನೆನಪಾಗುವುದು ಬಿಸಿಲು, ನೂಕುನುಗ್ಗಲು ಮತ್ತು ಕಳೆದುಕೊಂಡ ದುಡ್ಡು. ಎರಡನೆಯದೆಂದರೆ ನೆನಪಾಗುವುದು ಊರು. ನಡುವೆ ಊರೇನೂ ಬದಲಾಗಿರಲಿಲ್ಲ. ಯಾವ ತಿಂಗಳು ಹೋಗುವುದು, ಎಲ್ಲಿ ಉಳಿಯುವುದು, ಯಾವುದಕ್ಕೆ ದುಡ್ಡು ಕೊಡುವುದು ಎಂಬ ನಾಲ್ಕಾರು ತೀರ್ಮಾನಗಳು ಬದಲಾಗಿದ್ದವು. ಅವನ್ನೇ ಇಲ್ಲಿ ಒಂದರ ಪಕ್ಕ ಒಂದಿಟ್ಟು ತೂಗುತ್ತೇನೆ.

ಮೊದಲ ಪ್ರಶ್ನೆ ಪ್ರಾಗ್ ಏಕೆ, ವಿಯೆನ್ನಾ ಅಥವಾ ಬುಡಾಪೆಸ್ಟ್ ಏಕಲ್ಲ ಎಂಬುದು. ವಿಯೆನ್ನಾದ ಸಂಪತ್ತು ಬಹುಪಾಲು ಗೋಡೆಗಳ ಒಳಗಿದೆ: ಅರಮನೆ, ಚಿತ್ರಶಾಲೆ, ಸಂಗೀತ ಸಭಾಂಗಣ. ಅಲ್ಲಿ ಟಿಕೆಟ್ ಇಲ್ಲದೆ ದಿನ ಕಳೆಯುವುದು ಕಷ್ಟ. ಪ್ರಾಗ್‌ನ ಸಂಪತ್ತು ಬೀದಿಯಲ್ಲೇ ಇದೆ. ಎರಡನೇ ಮಹಾಯುದ್ಧವನ್ನು ದಾಟಿ ಹಳೆಯ ಊರು ಬಹುಮಟ್ಟಿಗೆ ಉಳಿದುಕೊಂಡಿತು. 1992ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸೇತುವೆಗೆ ಟಿಕೆಟ್ ಇಲ್ಲ, ಕೋಟೆಯ ಅಂಗಳಗಳಿಗೆ ಟಿಕೆಟ್ ಇಲ್ಲ, ಚೌಕಕ್ಕಂತೂ ಇಲ್ಲವೇ ಇಲ್ಲ. ಗೈಡ್ ಇಲ್ಲದೆ, ತಂಡವಿಲ್ಲದೆ, ನಕ್ಷೆ ಹಿಡಿದು ಅಲೆಯುವವರಿಗೆ ಇದಕ್ಕಿಂತ ಅನುಕೂಲವಾದ ಊರು ಮಧ್ಯ ಯುರೋಪಿನಲ್ಲಿ ನನಗೆ ಕಂಡಿಲ್ಲ. ಬುಡಾಪೆಸ್ಟ್‌ನ ಬಿಸಿನೀರಿನ ಸ್ನಾನಗೃಹಗಳ ಮೇಲೆ ಮನಸ್ಸಿದ್ದರೆ ಅದು ಬೇರೆ ಮಾತು.

ಒಂದು ವಾರದಲ್ಲಿ ಮೂರೂ ಊರುಗಳನ್ನು ಮುಗಿಸುವ ಯೋಜನೆಯನ್ನು ಹಲವರು ಹಾಕುತ್ತಾರೆ. ನಾನು ಬೇಡ ಎನ್ನುತ್ತೇನೆ. ಎರಡು ಊರು ಸಾಕು. ಪ್ರಾಗ್‌ನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಇಲ್ಲಿ ವೀಸಾದ ಲೆಕ್ಕವೂ ಬರುತ್ತದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಶೆಂಗೆನ್ ವೀಸಾಕ್ಕೆ ಹೆಚ್ಚು ರಾತ್ರಿ ಕಳೆಯುವ ದೇಶದ ಮೂಲಕವೇ ಅರ್ಜಿ ಹಾಕಬೇಕು. ಪ್ರಾಗ್‌ನಲ್ಲಿ ನಾಲ್ಕು ರಾತ್ರಿ, ವಿಯೆನ್ನಾದಲ್ಲಿ ಮೂರು ಎಂದಾದರೆ ಅರ್ಜಿ ಚೆಕ್ ಗಣರಾಜ್ಯಕ್ಕೆ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಹೊರಡುವ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ಬೇಸಿಗೆ ರಜೆಗೆ ಹೊರಡುವವರು ಆ ಗಡುವನ್ನು ಮರೆತು, ಸಾಧ್ಯವಾದಷ್ಟು ಮೊದಲೇ ಮುಗಿಸಿಕೊಳ್ಳುವುದು ಕ್ಷೇಮ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆಯೂ ಬೇಕು.

ಯಾವ ತಿಂಗಳು

ಹವಾಮಾನದ ಪಟ್ಟಿ ನೋಡಿ ತಿಂಗಳನ್ನು ಆರಿಸುವುದು ರೂಢಿ. ಪ್ರಾಗ್‌ಗೆ ನಾನು ಸೂರ್ಯೋದಯದ ಪಟ್ಟಿ ನೋಡಿ ಎನ್ನುತ್ತೇನೆ.

ಕಾರಣ ಚಾರ್ಲ್ಸ್ ಸೇತುವೆ. 1357ರಲ್ಲಿ ನಾಲ್ಕನೇ ಚಾರ್ಲ್ಸ್ ದೊರೆ ಕಟ್ಟಿಸಲು ಶುರುಮಾಡಿದ, 516 ಮೀಟರ್ ಉದ್ದದ, ಎರಡೂ ಬದಿಗೆ ಒಟ್ಟು 30 ಪ್ರತಿಮೆಗಳು ನಿಂತಿರುವ ಕಲ್ಲಿನ ಸೇತುವೆ ಅದು. ಬೆಳಗ್ಗೆ ಹತ್ತರ ನಂತರ ಅದರ ಮೇಲೆ ನಡೆಯುವುದೆಂದರೆ ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಡೆದ ಹಾಗೆ. ಬೆಳಕು ಹರಿಯುವ ಹೊತ್ತಿನಲ್ಲಿ ಅದೇ ಸೇತುವೆಯ ಮೇಲೆ ನಾಲ್ಕು ಮಂದಿ ಛಾಯಾಗ್ರಾಹಕರು, ಒಬ್ಬ ಓಟಗಾರ, ಮತ್ತು ವಲ್ಟಾವಾ ನದಿಯ ಮೇಲೆ ತೆಳುವಾದ ಮಂಜು. ಹಾಗಾಗಿ ಪ್ರಾಗ್‌ನಲ್ಲಿ ಎಲ್ಲಿಗೆ ಹೋಗಬೇಕೆಂಬುದಕ್ಕಿಂತ ಎಷ್ಟು ಹೊತ್ತಿಗೆ ಹೋಗಬೇಕೆಂಬುದು ಮುಖ್ಯ.

ಜೂನ್, ಜುಲೈಗಳಲ್ಲಿ ಅಲ್ಲಿ ಬೆಳಗಿನ ಐದಕ್ಕೇ ಸೂರ್ಯ ಬರುತ್ತಾನೆ, ರಾತ್ರಿ ಒಂಬತ್ತರವರೆಗೆ ಹೋಗುವುದಿಲ್ಲ. ದಿನ ಉದ್ದ, ನಿಜ. ಆದರೆ ಖಾಲಿ ಸೇತುವೆ ಬೇಕೆಂದರೆ ನಾಲ್ಕೂವರೆಗೆ ಏಳಬೇಕು. ನಾವು ಏಳಲಿಲ್ಲ. ಅಕ್ಟೋಬರ್ ಮಧ್ಯದಲ್ಲಿ ಸೂರ್ಯೋದಯ ಏಳೂ ಕಾಲರ ಆಸುಪಾಸು. ಅಮ್ಮ ಎದ್ದು, ಕಾಫಿ ಕುಡಿದು, ಶಾಲು ಹೊದ್ದು ಹೊರಟರೂ ಸೇತುವೆಯಲ್ಲಿ ಬೆಳಕು ನಮಗಾಗಿ ಕಾದಿತ್ತು. ಏಪ್ರಿಲ್ ಕೊನೆ ಮತ್ತು ಮೇ ತಿಂಗಳೂ ಚೆನ್ನ, ಗಿಡಮರ ಹೂಬಿಡುವ ಕಾಲ. ಆದರೆ ನಸುಕು ಬೇಗ. ಡಿಸೆಂಬರ್‌ನಲ್ಲಿ ಸೂರ್ಯೋದಯ ಎಂಟಕ್ಕೆ, ಸೂರ್ಯಾಸ್ತ ನಾಲ್ಕಕ್ಕೆ. ಕ್ರಿಸ್‌ಮಸ್ ಸಂತೆಯ ದೀಪಗಳನ್ನು ನೋಡಲೆಂದೇ ಹೋಗುವವರಿಗೆ ಅದು ಸರಿ, ಊರು ನೋಡುವವರಿಗೆ ಹಗಲು ಸಾಲದು. ಹೊಸ ವರ್ಷ ಕಳೆದ ಮೇಲೆ ಜನವರಿ, ಫೆಬ್ರವರಿಗಳಲ್ಲಿ ಕೋಣೆ ಅಗ್ಗ, ಜನ ಕಡಿಮೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಕಲ್ಲುಹಾಸಿನ ಮೇಲೆ ಜಾರದೆ ನಡೆಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿದೆ ಎಂಬುದೊಂದೇ ಪ್ರಶ್ನೆ.

ಎಲ್ಲಿ ಉಳಿಯುವುದು

ಖರ್ಚು ಮಾಡಬೇಕಾದದ್ದು ಇಲ್ಲಿ, ಉಳಿಸಬೇಕಾದದ್ದು ಟಿಕೆಟ್‌ಗಳಲ್ಲಿ. ಬಹಳ ಜನ ಇದರ ಉಲ್ಟಾ ಮಾಡುತ್ತಾರೆ.

ನದಿಯ ಬಲದಂಡೆಯಲ್ಲಿ ಹಳೆಯ ಪಟ್ಟಣ, ಅಂದರೆ ಸ್ಟಾರೆ ಮೆಸ್ಟೊ. ಗಡಿಯಾರ, ಚೌಕ, ಯಹೂದಿ ಕೇರಿ ಎಲ್ಲ ಕಾಲಳತೆಯಲ್ಲಿವೆ. ಮೊದಲ ಸಲ ನಾವು ಉಳಿದದ್ದು ಇಲ್ಲೇ. ನಕ್ಷೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ರಾತ್ರಿ ಎರಡು ಗಂಟೆಯವರೆಗೂ ಕಿಟಕಿಯ ಕೆಳಗೆ ಬಿಯರ್ ಕುಡಿದವರ ಹಾಡು ಇರುತ್ತದೆಂಬುದು ನಕ್ಷೆಯಲ್ಲಿ ಕಾಣುವುದಿಲ್ಲ. ರಾತ್ರಿ ನಿದ್ದೆಗೆಟ್ಟವನು ಬೆಳಿಗ್ಗೆ ಸೇತುವೆಗೆ ಹೋಗುವುದಿಲ್ಲ. ಹತ್ತಿರ ಇದ್ದೂ ಪ್ರಯೋಜನವಿಲ್ಲ.

ಎಡದಂಡೆಯಲ್ಲಿ, ಕೋಟೆಯ ಅಡಿಯಲ್ಲಿ, ಮಾಲಾ ಸ್ತ್ರಾನಾ ಇದೆ. ಹಗಲಿಡೀ ಜಾತ್ರೆ, ಸಂಜೆಯಾಗುತ್ತಲೇ ಮೌನ. ಇಬ್ಬರೇ ಹೋಗುವವರಿಗೆ, ದುಡ್ಡಿದ್ದವರಿಗೆ ನನ್ನ ಮೊದಲ ಸಲಹೆ ಇದೇ. ಮಂಡಿನೋವಿನವರಿಗೆ ಅಲ್ಲ: ಬೀದಿಗಳೆಲ್ಲ ಏರು, ಕಾಲಡಿಗೆ ಉರುಟು ಕಲ್ಲು, ಹಳೆಯ ಮನೆಗಳಲ್ಲಿ ಲಿಫ್ಟ್ ಇಲ್ಲದಿರುವುದೇ ಹೆಚ್ಚು. ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಆ ಏರು ಹತ್ತಿದವರ ಮುಖ ನೋಡಿದ್ದೇನೆ.

ಎರಡನೇ ಸಲ ಅಮ್ಮನೊಂದಿಗೆ ನಾನು ಆರಿಸಿದ್ದು ವಿನೊಹ್ರಾಡಿ, ನಾಮೆಸ್ಟಿ ಮೀರು ಎಂಬ ಚೌಕದ ಹತ್ತಿರ. ಪ್ರವಾಸಿಗರ ಬಡಾವಣೆಯಲ್ಲ, ಸಂಸಾರಸ್ಥರ ಬಡಾವಣೆ: ಅಗಲವಾದ ಬೀದಿ, ಬ್ರೆಡ್ ಅಂಗಡಿ, ಔಷಧದಂಗಡಿ, ಬೆಂಚುಗಳಿರುವ ಉದ್ಯಾನ. ಅಲ್ಲಿಂದ ಮೆಟ್ರೊದ ಎ ಮಾರ್ಗದಲ್ಲಿ ಮೂರೇ ನಿಲ್ದಾಣ ದಾಟಿದರೆ ಸ್ಟಾರೊಮೆಸ್ಟ್ಸ್ಕಾ. ಇಳಿದು ಕೆಲವು ನಿಮಿಷ ನಡೆದರೆ ಸೇತುವೆ. ಮೇಲೆ ಚೌಕದಲ್ಲೇ 22ನೇ ನಂಬರಿನ ಟ್ರಾಮ್ ನಿಲ್ಲುತ್ತದೆ, ಅದು ನೇರ ಕೋಟೆಯ ಬೆನ್ನಿಗೆ ಹೋಗುತ್ತದೆ. ಕೋಣೆಯ ಬೆಲೆಯೂ ಹಳೆಯ ಪಟ್ಟಣಕ್ಕಿಂತ ಕಡಿಮೆ. ಒಂದೇ ತೊಡಕೆಂದರೆ ಆ ಮೆಟ್ರೊ ನಿಲ್ದಾಣ ಬಹಳ ಆಳದಲ್ಲಿದೆ. ಅದರ ಎಸ್ಕಲೇಟರ್ 87 ಮೀಟರ್ ಉದ್ದ, ಓಟವೂ ಚುರುಕು. ಮೊದಲ ದಿನ ಅಮ್ಮ ಕೈಪಟ್ಟಿ ಬಿಗಿಹಿಡಿದು ಕಣ್ಣು ಮುಚ್ಚಿಕೊಂಡೇ ಇಳಿದರು. ಮೂರನೇ ದಿನ ನನಗೇ ಹುಷಾರು ಹೇಳುತ್ತಿದ್ದರು.

ಝಿಷ್ಕೊವ್ ಬಡಾವಣೆ ಇನ್ನೂ ಅಗ್ಗ, ಪಡ್ಡೆ ಹುಡುಗರಿಗೆ ಹೇಳಿಮಾಡಿಸಿದ್ದು. ಮುಖ್ಯ ರೈಲು ನಿಲ್ದಾಣದ ಸುತ್ತ ಉಳಿಯುವುದು ಬೆಳಗಿನ ಜಾವದ ರೈಲು ಹಿಡಿಯುವವರಿಗೆ ಮಾತ್ರ.

ವಿಮಾನ ನಿಲ್ದಾಣದಿಂದ ಊರಿಗೆ ಬರಲು ದಾರಿ ಮೂರು. 59ನೇ ಟ್ರಾಲಿಬಸ್ ಹಿಡಿದು ನಾದ್ರಾಝಿ ವೆಲೆಸ್ಲವೀನ್‌ನಲ್ಲಿ ಎ ಮೆಟ್ರೊಗೆ ಬದಲಾಯಿಸುವುದು ಎಲ್ಲಕ್ಕಿಂತ ಅಗ್ಗ. 90 ನಿಮಿಷದ ಒಂದೇ ಟಿಕೆಟ್ ಎರಡಕ್ಕೂ ಆಗುತ್ತದೆ. ಮುಖ್ಯ ರೈಲು ನಿಲ್ದಾಣಕ್ಕೆ ಹೋಗುವವರಿಗೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಬಸ್. ಬೆಂಗಳೂರಿನಿಂದ ನೇರ ವಿಮಾನವಿಲ್ಲದೆ, ಎಲ್ಲೋ ಒಂದು ಕಡೆ ವಿಮಾನ ಬದಲಿಸಿ, ರಾತ್ರಿ ಬಂದಿಳಿದ ಹಿರಿಯರಿದ್ದರೆ ಮಾತ್ರ ಟ್ಯಾಕ್ಸಿ. ಆಗ ಲೆಕ್ಕ ನೋಡಬೇಡಿ.

ಪಾಸೋ, ಬಿಡಿ ಟಿಕೆಟೋ

ಇಲ್ಲಿ ಎರಡು ಬಗೆಯ ಪಾಸುಗಳನ್ನು ಜನ ಕಲಸಿಕೊಳ್ಳುತ್ತಾರೆ. ಬಸ್, ಟ್ರಾಮ್, ಮೆಟ್ರೊ ಮೂರಕ್ಕೂ ನಡೆಯುವ 24 ಗಂಟೆಯ ಮತ್ತು 72 ಗಂಟೆಯ ಟಿಕೆಟ್‌ಗಳು ಒಂದು ಬಗೆ. ಇವು ಲಾಭವೇ. ದಿನಕ್ಕೆ ಮೂರು ನಾಲ್ಕು ಸಲ ಹತ್ತಿಳಿಯುವವರು 24 ಗಂಟೆಯದನ್ನು ತೆಗೆದುಕೊಂಡು ನಿಶ್ಚಿಂತರಾಗಬಹುದು. ಕಾಗದದ ಟಿಕೆಟ್ ಕೊಂಡರೆ ಮೊದಲ ಸವಾರಿಯಲ್ಲಿ ಹಳದಿ ಯಂತ್ರದಲ್ಲಿ ತೂರಿಸಿ ಹೊತ್ತಿನ ಮುದ್ರೆ ಒತ್ತಿಸಿಕೊಳ್ಳಲೇಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದೂ ಇಲ್ಲದ ಹಾಗೆ. ತಪಾಸಕರು ಸಾದಾ ಬಟ್ಟೆಯಲ್ಲೇ ಓಡಾಡುತ್ತಾರೆ, ಸಿಕ್ಕಿಬಿದ್ದರೆ ದಂಡ.

ಇನ್ನೊಂದು ಬಗೆ, ಪ್ರೇಕ್ಷಣೀಯ ಸ್ಥಳಗಳಿಗೆಲ್ಲ ಸೇರಿಸಿ ಮಾರುವ ನಗರ ಪಾಸು. ದಿನಕ್ಕೆ ಮೂರು ನಾಲ್ಕು ಟಿಕೆಟ್ಟಿನ ಜಾಗಗಳನ್ನು ಮುಗಿಸುವ ಹುರುಪು ಇದ್ದರೆ ದುಡ್ಡು ಹುಟ್ಟುತ್ತದೆ. ಮೊದಲ ಸಲ ನಾವು ಪಾಸು ಕೊಂಡು, ದುಡ್ಡು ಹುಟ್ಟಿಸುವುದೇ ಕೆಲಸವಾಗಿ, ನೋಡುವ ಆಸೆಯೇ ಇಲ್ಲದ ಎರಡು ಗೋಪುರ ಹತ್ತಿದೆವು. ಎರಡನೇ ಸಲ ಕೊಳ್ಳಲಿಲ್ಲ. ನಾಲ್ಕು ದಿನಕ್ಕೆ ಮೂರೇ ಕಡೆ ಟಿಕೆಟ್ ತೆಗೆದುಕೊಂಡೆವು: ಕೋಟೆ, ಯಹೂದಿ ಸಂಗ್ರಹಾಲಯ, ಹಳೆಯ ಪುರಭವನದ ಗೋಪುರ. ಈ ಗೋಪುರಕ್ಕೆ ಲಿಫ್ಟ್ ಇದೆ ಎಂಬುದೇ ಆರಿಸಲು ಕಾರಣ.

ಕೋಟೆಯೊಳಗೋ, ಯಹೂದಿ ಸಂಗ್ರಹಾಲಯವೋ, ಎರಡರಲ್ಲಿ ಒಂದಕ್ಕೇ ಸಮಯ ಎಂದರೆ ನನ್ನ ಮತ ಎರಡನೆಯದಕ್ಕೆ. ಅದಕ್ಕೆ ಸೇರಿದ ಪಿಂಕಾಸ್ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಗೋಡೆಗಳ ಮೇಲೆ, ನಾಜಿಗಳ ಕೈಯಲ್ಲಿ ಸತ್ತ ಬೊಹೀಮಿಯಾ ಮತ್ತು ಮೊರಾವಿಯಾ ಎಂಬ ಚೆಕ್ ಪ್ರಾಂತ್ಯಗಳ ಸುಮಾರು 80,000 ಯಹೂದಿಗಳ ಹೆಸರುಗಳನ್ನು ಕೈಯಲ್ಲಿ ಬರೆದಿದ್ದಾರೆ. ದೂರದಿಂದ ಗೋಡೆಗೆ ಬೂದು ಬಣ್ಣ ಬಳಿದಂತೆ ಕಾಣುತ್ತದೆ. ಹತ್ತಿರ ಹೋದರೆ ಅಕ್ಷರ. ಮಹಡಿಯಲ್ಲಿ ನಾಜಿಗಳ ಟೆರೆಝಿನ್ ಶಿಬಿರದಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಹೊರಗೆ ಹಳೆಯ ಸ್ಮಶಾನ: ಜಾಗ ಸಾಲದೆ ಹೆಣದ ಮೇಲೆ ಹೆಣ ಹೂಳುತ್ತ ಬಂದು, ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಇದಕ್ಕೆ ಪರ್ಯಾಯವಾಗಿ ಬೀದಿಯಲ್ಲಿ ನಿಂತು ನೋಡುವಂಥದ್ದು ಏನೂ ಇಲ್ಲ. ಶನಿವಾರ ಮತ್ತು ಯಹೂದಿ ಹಬ್ಬಗಳಂದು ಮುಚ್ಚಿರುತ್ತದೆ. ವಾರಾಂತ್ಯಕ್ಕೆ ಹೋಗುವವರು ಇದನ್ನು ಮೊದಲೇ ಗುರುತು ಹಾಕಿಕೊಳ್ಳಿ.

ಅದೇ ಪುರಭವನದ ಗೋಪುರದಲ್ಲಿರುವ ಗಡಿಯಾರದ್ದು ಇನ್ನೊಂದು ಕತೆ. 2018ರ ಜುಲೈನಲ್ಲಿ ನಾವು ಹೋದಾಗ ಅದನ್ನು ದುರಸ್ತಿಗೆ ಇಳಿಸಿ, ಅದರ ಜಾಗದಲ್ಲಿ ಎಲ್‌ಇಡಿ ಪರದೆ ನಿಲ್ಲಿಸಿದ್ದರು. ಏಳು ಸಾವಿರ ಕಿಲೋಮೀಟರ್ ದಾಟಿಬಂದು ಗಡಿಯಾರದ ವಿಡಿಯೊ ನೋಡಿದೆವು. ಎರಡನೇ ಸಲ ನಿಜವಾದದ್ದು ಸಿಕ್ಕಿತು. ಪ್ರತಿ ಗಂಟೆಗೆ ಕಿಟಕಿಯಲ್ಲಿ ಯೇಸುವಿನ ಹನ್ನೆರಡು ಶಿಷ್ಯರ ಗೊಂಬೆಗಳು ಮೆರವಣಿಗೆ ಹೋಗುವುದನ್ನು ನೋಡಲು ಜನ ಅರ್ಧ ಗಂಟೆ ಮುಂಚೆಯೇ ಕತ್ತೆತ್ತಿ ನಿಲ್ಲುತ್ತಾರೆ, ಅದು ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ಜೇಬುಗಳ್ಳರಿಗೆ ಆ ಅರ್ಧ ಗಂಟೆಯೇ ಸುಗ್ಗಿ. ಮೆರವಣಿಗೆ ಮುಗಿದು ಜನ ಚದುರಿದ ಮೇಲೆ ಬಂದು ಗಡಿಯಾರದ ಮುಖವನ್ನು ಓದುವುದು ಮೇಲು. 1410ರ ಆ ಯಂತ್ರ ಸೂರ್ಯ, ಚಂದ್ರ, ದ್ವಾದಶ ರಾಶಿಗಳನ್ನು ತೋರಿಸುತ್ತದೆ. ಹೊರಗಿನ ಕಪ್ಪು ಬಳೆಯಲ್ಲಿ ಹಳೆಯ ಚೆಕ್ ಕಾಲಗಣನೆ ಇದೆ, ಅದರಲ್ಲಿ ದಿನದ ಎಣಿಕೆ ಸೂರ್ಯಾಸ್ತದಿಂದ ಶುರು. ನಮ್ಮ ಪಂಚಾಂಗದಲ್ಲಿ ಸೂರ್ಯೋದಯದಿಂದ. ದಿನಾ ಪಂಚಾಂಗ ನೋಡುವ ಅಮ್ಮ ಇಪ್ಪತ್ತು ನಿಮಿಷ ಅಲ್ಲಿಂದ ಕದಲಲಿಲ್ಲ.

ಕೋಟೆಗೆ ಕೆಳಗಿನಿಂದಲೋ, ಮೇಲಿನಿಂದಲೋ

ಬಹುತೇಕರು ಮಾಲೊಸ್ತ್ರಾನ್ಸ್ಕಾ ಮೆಟ್ರೊದಲ್ಲಿ ಇಳಿದು ಮೆಟ್ಟಿಲೇರುತ್ತಾರೆ. ನಾವೂ ಮೊದಲ ಸಲ ಜುಲೈ ಬಿಸಿಲಲ್ಲಿ ಏರಿದೆವು. ಎರಡನೆಯ ದಾರಿ 22ನೇ ಟ್ರಾಮಿನಲ್ಲಿ ಪ್ರಾಝ್‌ಸ್ಕಿ ಹ್ರಾಡ್ ನಿಲ್ದಾಣದಲ್ಲಿ ಇಳಿಯುವುದು. ನೆಲ ಸಮತಟ್ಟು, ಐದೇ ನಿಮಿಷದ ನಡಿಗೆ. ಮೂರನೆಯದು, ನನಗೆ ಹಿಡಿಸಿದ್ದು: ಅದೇ ಟ್ರಾಮಿನಲ್ಲಿ ಇನ್ನೂ ಎರಡು ನಿಲ್ದಾಣ ಮುಂದೆ ಹೋಗಿ ಪೊಹೊರ್ಝೆಲೆಟ್ಸ್‌ನಲ್ಲಿ ಇಳಿಯುವುದು. ಅಲ್ಲಿ ಸ್ತ್ರಾಹೊವ್ ಮಠ, ಅದರ ಅಂಚಿನಿಂದ ಕಾಣುವ ಊರಿನ ಕೆಂಪು ಹೆಂಚುಗಳು, ಆಮೇಲೆ ಇಳಿಜಾರಿನಲ್ಲೇ ಕೋಟೆ, ಕೋಟೆಯಿಂದ ಮೆಟ್ಟಿಲಿಳಿದರೆ ಮೆಟ್ರೊ. ಇಡೀ ದಿನ ಇಳಿಯುವುದೇ, ಏರುವುದಿಲ್ಲ.

ಅಂಗಳಗಳು ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಎಲ್ಲರಿಗೂ ತೆರೆದಿರುತ್ತವೆ. ಟಿಕೆಟ್ ಬೇಕಾಗುವುದು ಕಟ್ಟಡಗಳ ಒಳಗೆ, ಅವು ತೆರೆಯುವುದು ಒಂಬತ್ತಕ್ಕೆ. ಸಂತ ವೀಟಸ್ ಕ್ಯಾಥೆಡ್ರಲ್ ಮುಂದೆ ಒಂಬತ್ತಕ್ಕೇ ನಿಂತರೆ ಸಾಲು ಚಿಕ್ಕದು. 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದ ಕಟ್ಟಡಕ್ಕೆ ಒಂದು ಗಂಟೆಯಾದರೂ ಕೊಡಿ. ಭಾನುವಾರ ಪ್ರಾರ್ಥನೆಯ ಕಾರಣ ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನದ ನಂತರವೇ. ಹಳೆಯ ಅರಮನೆಯಲ್ಲಿ 1618ರಲ್ಲಿ ರಾಜಪ್ರತಿನಿಧಿಗಳನ್ನು ಹೊರಕ್ಕೆ ಎಸೆದ ಕಿಟಕಿ ಇದೆ. ಯುರೋಪಿನ ಮೂವತ್ತು ವರ್ಷಗಳ ಯುದ್ಧಕ್ಕೆ ಕಿಡಿ ಬಿದ್ದದ್ದು ಅಲ್ಲಿ. ಎಸೆಸಿಕೊಂಡವರು ಬದುಕಿಕೊಂಡರು. ಕತೆಗಾರ ಕಾಫ್ಕಾ ಕೆಲಕಾಲ ಬರೆಯಲು ಕೂರುತ್ತಿದ್ದ, ಕೋಟೆಯೊಳಗಿನ ಚಿನ್ನದ ಓಣಿಯ 22ನೇ ಮನೆ ಈಗ ಪುಟ್ಟ ಅಂಗಡಿ, ಒಳಗೆ ತಿರುಗಲೂ ಜಾಗವಿಲ್ಲ.

ಹಣ, ಊಟ

ಚೆಕ್ ಗಣರಾಜ್ಯ ಶೆಂಗೆನ್‌ನಲ್ಲಿದ್ದರೂ ಅಲ್ಲಿನ ನಾಣ್ಯ ಯೂರೊ ಅಲ್ಲ, ಕೊರುನಾ. 2018ರಲ್ಲಿ ಚೌಕದ ಹತ್ತಿರ ‘ಕಮಿಷನ್ ಇಲ್ಲ’ ಎಂದು ಫಲಕ ಹಾಕಿದ್ದ ಅಂಗಡಿಯೊಂದರಲ್ಲಿ ನಾನು ನೂರು ಯೂರೊ ಬದಲಿಸಿದೆ. ಕಮಿಷನ್ ನಿಜಕ್ಕೂ ಇರಲಿಲ್ಲ. ದರದಲ್ಲೇ ಐದನೇ ಒಂದು ಭಾಗ ಹಾರಿಹೋಗಿತ್ತು. ಕೇಳಿದರೆ ರಸೀದಿ ತೋರಿಸಿ ಕಿಟಕಿ ಮುಚ್ಚಿದರು. 2019ರ ಏಪ್ರಿಲ್‌ನಿಂದ ಕಾನೂನು ಬಂದಿದೆ: 1,000 ಯೂರೊವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರಸೀದಿ ಸಮೇತ ಹೋಗಿ ರದ್ದು ಮಾಡಿಸಬಹುದು. ಅಷ್ಟಕ್ಕೂ ಹೋಗಬೇಡಿ. ಕಾರ್ಡ್ ಹೆಚ್ಚುಕಡಿಮೆ ಎಲ್ಲ ಕಡೆ ನಡೆಯುತ್ತದೆ. ಸ್ವಲ್ಪ ನಗದು ಬೇಕಾದರೆ ಬ್ಯಾಂಕಿನ ಗೋಡೆಯಲ್ಲೇ ಇರುವ ಎಟಿಎಂ ಹುಡುಕಿ, ಯಂತ್ರ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ’ ಎಂದು ಕೇಳಿದಾಗ ಬೇಡ ಎನ್ನಿ. ಆ ಸೌಜನ್ಯಕ್ಕೆ ಬೆಲೆ ಇದೆ. ಬೀದಿಯಲ್ಲಿ ಬಂದು ಒಳ್ಳೆಯ ದರ ಕೊಡುತ್ತೇನೆ ಎನ್ನುವವನು ಕೊಡುವುದು ಬೇರೆ ದೇಶದ, ಬೆಲೆಯಿಲ್ಲದ ನೋಟು.

ಸಸ್ಯಾಹಾರಿಗಳಿಗೆ ಹೋಟೆಲ್ ಕೋಣೆಗಿಂತ ಅಡುಗೆಮನೆ ಇರುವ ವಸತಿಯೇ ಸರಿ. ಅವಲಕ್ಕಿ, ಚಟ್ನಿಪುಡಿ, ಸಾರಿನಪುಡಿ ಒಯ್ಯಬಹುದು. ಹಾಲು, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯುರೋಪಿನ ಒಕ್ಕೂಟಕ್ಕೆ ತರುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಹೊರಗೆ ತಿನ್ನುವುದಾದರೆ ‘ಬೆಜ್ ಮಸಾ’ ಎಂಬ ಎರಡು ಪದ ಕಲಿತಿರಿ, ಮಾಂಸವಿಲ್ಲದೆ ಎಂದು ಅರ್ಥ. ಆದರೂ ಸೂಪುಗಳನ್ನು ನಂಬಬೇಡಿ, ತರಕಾರಿ ಸೂಪಿಗೂ ಮಾಂಸದ ನೀರು ಬಳಸುವುದುಂಟು. ಆಲೂಗಡ್ಡೆಯ ಬ್ರಂಬೊರಾಕ್ ನಮ್ಮ ರೊಟ್ಟಿಯಂತೆ ರುಚಿ, ಹಂದಿ ಕೊಬ್ಬಿನಲ್ಲಿ ಕರಿದಿದೆಯೇ ಎಂದು ಕೇಳಿಯೇ ತಿನ್ನಿ. ಕರಿದ ಚೀಸ್ ಎಲ್ಲ ಕಡೆ ಸಿಗುತ್ತದೆ, ಎರಡನೇ ದಿನಕ್ಕೆ ಸಾಕಾಗುತ್ತದೆ. ಅಮ್ಮನಿಗೆ ಹಿಡಿಸಿದ್ದು ಹಣ್ಣು ತುಂಬಿದ ಕ್ನೆಡ್ಲಿಕಿ. ನಮ್ಮ ಸಿಹಿ ಕಡುಬಿನ ದೂರದ ನೆಂಟ ಎಂದರು. ಬೀದಿ ಬೀದಿಯಲ್ಲಿ ಸುತ್ತಿಸಿ ಸುಡುವ ಟ್ರ್‌ಡೆಲ್ನಿಕ್ ಎಂಬ ಸಕ್ಕರೆ ಸುರುಳಿ ಪ್ರಾಗ್‌ನ ಪುರಾತನ ತಿಂಡಿ ಎಂಬ ಫಲಕವನ್ನು ಓದಿ ನಕ್ಕು ಮುಂದೆ ಹೋಗಿ. ಅದು ಪ್ರವಾಸಿಗರ ಜೊತೆಗೇ ಬೆಳೆದ ತಿಂಡಿ.

ನಾಲ್ಕನೇ ದಿನ

ಮೂರು ದಿನಕ್ಕೆ ಊರು ಒಂದು ಸುತ್ತು ಆಗುತ್ತದೆ. ನಾಲ್ಕನೆಯದಕ್ಕೆ ಎಲ್ಲರೂ ಹೇಳುವುದು ಚೆಸ್ಕಿ ಕ್ರುಮ್ಲೊವ್. ಚೆಂದದ ಊರು, ಆದರೆ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಒಂದು ರಾತ್ರಿ ಉಳಿಯದಿದ್ದರೆ ಬಸ್ಸಿನ ಕಿಟಕಿಯನ್ನೇ ಹೆಚ್ಚು ನೋಡಿದಂತಾಗುತ್ತದೆ. ಕಾರ್ಲ್‌ಷ್ಟೈನ್ ಕೋಟೆಗೆ ರೈಲಿನಲ್ಲಿ ನಲವತ್ತು ನಿಮಿಷ ಸಾಕು. ನಿಲ್ದಾಣದಿಂದ ಮೇಲಕ್ಕೆ ಏರು ಹಾದಿ. ಕುಟ್ನಾ ಹೊರಾಗೆ ಸುಮಾರು ಒಂದು ಗಂಟೆ: ಬೆಳ್ಳಿ ಗಣಿಯ ದುಡ್ಡಲ್ಲಿ ಎದ್ದ ಸಂತ ಬಾರ್ಬರಾ ಚರ್ಚ್, ಸಾವಿರಾರು ಜನರ ಮೂಳೆಗಳಿಂದಲೇ ಅಲಂಕರಿಸಿದ ಸೆಡ್ಲೆಟ್ಸ್‌ನ ಚಾಪೆಲ್. ಮೂಳೆಯ ತೂಗುದೀಪ ನೋಡಿ ಊಟ ಸೇರದವರೂ ಇದ್ದಾರೆ, ಯೋಚಿಸಿ.

ಮೈಸೂರಿನವರಿಗೆ ಇನ್ನೊಂದು ಆಯ್ಕೆ ಇದೆ, ಅದಕ್ಕೆ ಪ್ರಾಗ್ ಬಿಡಬೇಕಾಗಿಲ್ಲ. ಯಾದವಗಿರಿಯ ಕಾರ್ಖಾನೆಯಲ್ಲಿ 1996ರವರೆಗೂ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಮೂಲ ಪ್ರಾಗ್. ಜಾವಾ ಕಂಪನಿ 1929ರಲ್ಲಿ ಹುಟ್ಟಿದ್ದು ಇಲ್ಲಿ. ಲೆಟ್ನಾ ದಿಬ್ಬದ ಮೇಲಿರುವ ರಾಷ್ಟ್ರೀಯ ತಾಂತ್ರಿಕ ಸಂಗ್ರಹಾಲಯದ ದೊಡ್ಡ ಸಭಾಂಗಣದಲ್ಲಿ ರೈಲು ಎಂಜಿನ್, ಕಾರು, ನೇತುಹಾಕಿದ ವಿಮಾನಗಳ ನಡುವೆ ಚೆಕ್ ಮೋಟಾರ್‌ಸೈಕಲ್‌ಗಳೂ ನಿಂತಿವೆ. ನನ್ನ ಸೋದರಮಾವ ಇಪ್ಪತ್ತು ವರ್ಷ ಜಾವಾ ಓಡಿಸಿದವರು. ಅವರಿಗೆ ಫೋಟೊ ಕಳಿಸಿದರೆ, ಕಿಕ್ಕರ್ ಯಾವ ಕಡೆಗಿದೆ ಸರಿಯಾಗಿ ತೆಗೆದು ಕಳಿಸು ಎಂದು ಉತ್ತರ ಬಂತು. ಸಂಗ್ರಹಾಲಯಕ್ಕೆ ಸೋಮವಾರ ರಜೆ. ನಿಮ್ಮ ನಾಲ್ಕನೇ ದಿನ ಸೋಮವಾರವಾಗಿದ್ದರೆ ಕುಟ್ನಾ ಹೊರಾದ ರೈಲು ಹಿಡಿಯಿರಿ.